ಲಂಗರಿನ ಭಾರ ಈಗ ಯಾವುದರ ಮೇಲಿದೆ?

ಪ್ರಶ್ನೆ: ನಮ್ಮದು ಪಾಂಡವಪುರದ ಹತ್ತಿರ ಒಂದು ಹಳ್ಳಿ, ಕಬ್ಬು ಭತ್ತ ಬೆಳೆಯುತ್ತೇವೆ. ಅಣ್ಣನ ಮಗ ಎಂಟು ತಿಂಗಳ ಹಿಂದೆ ಸರಕು ಹಡಗಿನಲ್ಲಿ ಟ್ರೈನಿಯಾಗಿ ಸೇರಿದ. ಲಂಗರು ಎತ್ತುವ ಮಿಷಿನ್ ಪಕ್ಕ ನಿಂತು ಫೋಟೋ ಕಳಿಸಿದ್ದ. ಅಷ್ಟು ದೊಡ್ಡ ಹಡಗನ್ನು ಅಷ್ಟು ಚಿಕ್ಕ ಲಂಗರು ಹೇಗೆ ಹಿಡಿಯುತ್ತದೆ? ಆ ಮಿಷಿನ್ ಹೇಗೆ ಕೆಲಸ ಮಾಡುತ್ತದೆ? ಎತ್ತಲು ಅರ್ಧ ಗಂಟೆ ಬೇಕಾಯಿತಂತೆ, ಅಷ್ಟು ಹೊತ್ತು ಯಾಕೆ? ಬಂದರಿನಲ್ಲಿ ಹಗ್ಗದ ಹತ್ತಿರ ನಿಂತರೆ ಬೈಯುತ್ತಾರಂತೆ. ನಿಂತ ಹಡಗು ರಾತ್ರಿ ಜಾರಿ ಹೋದರೆ ಎಂಬ ಚಿಂತೆಯಲ್ಲಿ ಅತ್ತಿಗೆಗೆ ನಿದ್ದೆ ಇಲ್ಲ. ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಉತ್ತರ: ಹೇಳುತ್ತೇನೆ. ನಾನು 24 ವರ್ಷ ಹಡಗಿನಲ್ಲಿ ಇಂಜಿನಿಯರ್ ಆಗಿದ್ದವನು, ಈಗ ಮೈಸೂರಿನಲ್ಲಿದ್ದೇನೆ. ಫೋರ್ತ್ ಇಂಜಿನಿಯರ್ ಆದಾಗ ನನ್ನ ಕೈಗೆ ಕೊಟ್ಟಿದ್ದು ಇದೇ ಡೆಕ್ಕಿನ ಮಿಷಿನ್‌ಗಳನ್ನು. ಹಾಗಾಗಿ ನಿಮ್ಮ ಹುಡುಗ ನಿಂತಿರುವ ಜಾಗ ನನಗೆ ಚೆನ್ನಾಗಿ ಗೊತ್ತು. ಆ ಜಾಗದಲ್ಲಿ ನಿಂತವನು ಪ್ರತಿ ಕ್ಷಣ ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ಈಗ ಭಾರ ಯಾವುದರ ಮೇಲಿದೆ? ನಿಮ್ಮ ಎಲ್ಲ ಪ್ರಶ್ನೆಗಳಿಗೂ ಉತ್ತರ ಅದರಲ್ಲೇ ಸಿಗುತ್ತದೆ, ಒಂದೊಂದಾಗಿ ನೋಡೋಣ.

ಮೊದಲು ಲಂಗರು. ಹಡಗನ್ನು ಲಂಗರಿನ ತೂಕ ಹಿಡಿದಿರುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅದು ಹಾಗಲ್ಲ. ನೀವು ಕಬ್ಬಿಣದ ನೇಗಿಲಿನಲ್ಲಿ ಉತ್ತಿದ್ದರೆ ನಿಮಗೆ ಈ ವಿಷಯ ಆಗಲೇ ಗೊತ್ತಿದೆ. ನೊಗದಿಂದ ನೇಗಿಲಿಗೆ ಹೋಗುವ ಸರಪಳಿಯನ್ನು ಉದ್ದ ಬಿಟ್ಟರೆ ಎಳೆತ ನೆಲದ ಮಟ್ಟಕ್ಕೆ ಹತ್ತಿರ ಇರುತ್ತದೆ, ಕುಳ ಆಳಕ್ಕೆ ಇಳಿಯುತ್ತದೆ. ಸರಪಳಿ ಗಿಡ್ಡ ಮಾಡಿದರೆ ಎಳೆತ ಮೇಲ್ಮುಖ ಆಗುತ್ತದೆ, ನೇಗಿಲು ಎದ್ದು ಬರುತ್ತದೆ. ಲಂಗರೂ ಹಾಗೆಯೇ. ಅದಕ್ಕೆ ಎರಡು ಕೈ ಇವೆ, ದಿಂಡಿನಿಂದ ಸುಮಾರು 45 ಡಿಗ್ರಿ ತನಕ ಆಚೆ ಈಚೆ ವಾಲುತ್ತವೆ. ಸಮುದ್ರದ ತಳದಲ್ಲಿ ಮಲಗಿದ ಲಂಗರನ್ನು ಅಡ್ಡಕ್ಕೆ ಎಳೆದರೆ ಆ ಕೈಗಳು ಕೆಸರಿಗೆ ಕುಳದ ಥರ ಇಳಿಯುತ್ತವೆ. ಮೇಲಕ್ಕೆ ಎಳೆದರೆ ಕಿತ್ತು ಬರುತ್ತದೆ. ಕೀಳುವುದು ಅಷ್ಟು ಸುಲಭ ಇರುವುದರಿಂದಲೇ ಹೊರಡುವಾಗ ಅದನ್ನು ಎತ್ತಲು ಆಗುವುದು.

ಹಾಗಾದರೆ ಅಡ್ಡಕ್ಕೆ ಎಳೆಯುವಂತೆ ನೋಡಿಕೊಳ್ಳುವವರು ಯಾರು? ಸರಪಳಿ. ಐವತ್ತು ಅರವತ್ತು ಸಾವಿರ ಟನ್ ಸರಕು ಹೊರುವ ಹಡಗಿನ ಲಂಗರು ಎಂಟು ಒಂಬತ್ತು ಟನ್ ಇರುತ್ತದೆ. ಅದರ ಸರಪಳಿಯ ಕಬ್ಬಿಣ 78 ಮಿಲಿಮೀಟರ್ ದಪ್ಪ ಎಂದು ಇಟ್ಟುಕೊಳ್ಳಿ. ಆಗ ಒಂದೊಂದು ಕೊಂಡಿಯೇ 40 ಕಿಲೋ ತೂಗುತ್ತದೆ. ನಮ್ಮ ಲೆಕ್ಕದಲ್ಲಿ 27.5 ಮೀಟರ್ ಉದ್ದಕ್ಕೆ ಒಂದು ಶ್ಯಾಕಲ್ ಅನ್ನುತ್ತೇವೆ, ಅಷ್ಟು ಉದ್ದಕ್ಕೇ ಮೂರೂವರೆ ಟನ್ ದಾಟುತ್ತದೆ. ಇಂಥವು ಒಂದೊಂದು ಕಡೆಗೆ ಹನ್ನೊಂದು ಹನ್ನೆರಡು. ಅಂದರೆ ಲಂಗರಿಗಿಂತ ನಾಲ್ಕೈದು ಪಟ್ಟು ಭಾರದ ಸರಪಳಿ!

20 ಮೀಟರ್ ಆಳದ ನೀರಿನಲ್ಲಿ ಐದಾರು ಶ್ಯಾಕಲ್ ಬಿಡುತ್ತಾರೆ, ಸುಮಾರು ನೂರೈವತ್ತು ಮೀಟರ್. ಯಾಕೆ ಅಷ್ಟು? ಅದರಲ್ಲಿ ದೊಡ್ಡ ಭಾಗ ತಳದಲ್ಲಿ ಸುಮ್ನೆ ಮಲಗಿರಬೇಕು, ಅದಕ್ಕೆ. ಗಾಳಿ ಜೋರಾದಾಗ ಹಡಗು ಹಿಂದೆ ಸರಿಯುತ್ತದೆ, ಮಲಗಿದ ಸರಪಳಿ ಒಂದೊಂದೇ ಕೊಂಡಿಯಾಗಿ ನೆಲದಿಂದ ಏಳುತ್ತದೆ, ಗಾಳಿ ಇಳಿದಾಗ ತನ್ನ ಭಾರಕ್ಕೇ ಮತ್ತೆ ಮಲಗಿ ಹಡಗನ್ನು ಮುಂದಕ್ಕೆ ತರುತ್ತದೆ. ಸ್ಪ್ರಿಂಗ್ ಮಾಡುವ ಕೆಲಸವನ್ನು ಸರಪಳಿಯ ತೂಕವೇ ಮಾಡುತ್ತದೆ. ಲಂಗರಿನ ಪಕ್ಕದ ಕೊನೇ ಕೊಂಡಿಗಳು ನೆಲ ಬಿಡದೆ ಇರುವ ತನಕ ಎಳೆತ ಅಡ್ಡಕ್ಕೇ ಇರುತ್ತದೆ, ಲಂಗರು ಅಲುಗುವುದಿಲ್ಲ.

ಇನ್ನು ಮಿಷಿನ್. ಅದರ ಹೆಸರು ವಿಂಡ್ಲಾಸ್. ಹೈಡ್ರಾಲಿಕ್ ಮೋಟರ್ ಅಥವಾ ಕರೆಂಟ್ ಮೋಟರ್ ಇರುತ್ತದೆ, ಅದರಿಂದ ಗೇರ್ ಪೆಟ್ಟಿಗೆ. ನಿಮ್ಮ ಕಡೆ ಆಲೆಮನೆಯಲ್ಲಿ ಮೋಟರ್ ಜೋರಾಗಿ ತಿರುಗುತ್ತಿದ್ದರೂ ಗಾಣದ ರೋಲರ್ ಮೆಲ್ಲಗೆ ತಿರುಗುತ್ತದೆ, ಆದರೆ ಕೊಟ್ಟ ಕಬ್ಬನ್ನೆಲ್ಲ ಅರೆದು ಹಾಕುತ್ತದೆ, ಅಲ್ವಾ? ವೇಗ ಕೊಟ್ಟು ಬಲ ತೆಗೆದುಕೊಳ್ಳುವ ಅದೇ ವ್ಯಾಪಾರ ಇಲ್ಲೂ ನಡೆಯುತ್ತದೆ. ಗೇರಿನಿಂದ ಬಂದ ದಪ್ಪ ಶಾಫ್ಟ್ ಮೇಲೆ ಒಂದು ದೊಡ್ಡ ಗಾಲಿ, ಅದಕ್ಕೆ ಜಿಪ್ಸಿ ಅನ್ನುತ್ತಾರೆ. ಅದರ ಸುತ್ತ ಕೊಂಡಿಯ ಆಕಾರಕ್ಕೇ ಕೊರೆದ ಗುಳಿಗಳು, ಸಾಮಾನ್ಯವಾಗಿ ಐದು. ಒಂದು ಕೊಂಡಿ ಮಲಗಿ ಗುಳಿಯಲ್ಲಿ ಕೂರುತ್ತದೆ, ಮುಂದಿನದು ನಿಂತುಕೊಂಡು ನಡುವಿನ ಸೀಳಿನಲ್ಲಿ ಹೋಗುತ್ತದೆ. ಹೀಗೆ ಸರಪಳಿ ಜಾರದೆ ಹಲ್ಲು ಕಚ್ಚಿದಂತೆ ಮೇಲೆ ಬಂದು, ಕೆಳಗಿನ ಕೋಣೆಗೆ ತನ್ನ ತೂಕಕ್ಕೇ ಇಳಿದು ಗುಡ್ಡೆ ಬೀಳುತ್ತದೆ.

ಈ ಜಿಪ್ಸಿ ಶಾಫ್ಟಿಗೆ ಯಾವಾಗಲೂ ಅಂಟಿಕೊಂಡಿರುವುದಿಲ್ಲ. ಹಲ್ಲಿನ ಕ್ಲಚ್ ಹಾಕಿದರೆ ಮೋಟರ್ ಜೊತೆ ತಿರುಗುತ್ತದೆ, ತೆಗೆದರೆ ಬರೀ ಬ್ರೇಕ್ ಮೇಲೆ ನಿಲ್ಲುತ್ತದೆ. ಇದರ ಜೊತೆಗೆ, ಜಿಪ್ಸಿಗೂ ಹಡಗಿನ ಮೂತಿಯ ತೂತಿಗೂ ನಡುವೆ ಚೈನ್ ಸ್ಟಾಪರ್ ಅಂತ ಒಂದಿದೆ. ಡೆಕ್ಕಿಗೆ ಬೆಸುಗೆ ಹಾಕಿದ ಗಟ್ಟಿ ಚೌಕಟ್ಟು, ಅದರ ಮೇಲೆ ಬೀಳುವ ದಪ್ಪ ಕಬ್ಬಿಣದ ತೊಲೆ. ತೊಲೆ ಬಿದ್ದರೆ ಕೊಂಡಿ ಅದಕ್ಕೆ ತಾಗಿ ನಿಲ್ಲುತ್ತದೆ. ನಂಜನಗೂಡಿನ ದೊಡ್ಡ ತೇರು ನಿಂತಾಗ ಚಕ್ರಕ್ಕೆ ಮರದ ದಿಮ್ಮಿ ಕೊಡುತ್ತಾರಲ್ಲ, ಹಾಗೆ. ಎಳೆಯುವ ಜನ ಬೇರೆ, ನಿಲ್ಲಿಸುವ ದಿಮ್ಮಿ ಬೇರೆ.

ಇಲ್ಲಿ ನಾಲ್ಕು ಅಂಕಿ ಹೇಳುತ್ತೇನೆ, ನಿಮ್ಮ ಹುಡುಗನಿಗೂ ಹೇಳಿ. ಹಡಗುಗಳಿಗೆ ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳ ನಿಯಮದಿಂದ ಲೆಕ್ಕ ಹಾಕಿದ್ದು, ಅದೇ 78 ಮಿಲಿಮೀಟರ್ ಗಟ್ಟಿ ಉಕ್ಕಿನ ಸರಪಳಿಗೆ. ಮೋಟರ್ ಅರ್ಧ ಗಂಟೆ ಬಿಡದೆ ಎಳೆಯಬೇಕಾದ ಭಾರ ಸುಮಾರು 30 ಟನ್. ಬ್ರೇಕ್ ತಡೆಯಬೇಕಾದ್ದು 200 ಟನ್ನಿಗೂ ಸ್ವಲ್ಪ ಜಾಸ್ತಿ, ಅಂದರೆ ಸರಪಳಿ ಮುರಿಯುವ ಭಾರದ ನೂರಕ್ಕೆ 45. ಸ್ಟಾಪರ್ ನೂರಕ್ಕೆ 80 ತಡೆಯಬೇಕು, ಅದು 360 ಟನ್ ದಾಟುತ್ತದೆ. ಸರಪಳಿ ಮುರಿಯಲು 450 ಟನ್ನಿನ ಮೇಲೆ ಬೇಕು. ಸ್ಟಾಪರ್ ಇಲ್ಲದ ಹಡಗಾದರೆ ಬ್ರೇಕೇ ನೂರಕ್ಕೆ 80 ತಡೆಯುವಂತೆ ಮಾಡಿರಬೇಕು.

ಈ ಅಂಕಿಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. ನೋಡಲು ದೊಡ್ಡದಾಗಿರುವ, ಜೋರಾಗಿ ಸದ್ದು ಮಾಡುವ ಮೋಟರ್ ಇಲ್ಲಿ ಎಲ್ಲರಿಗಿಂತ ಬಡಪಾಯಿ. ಅದು ಲಂಗರು ಮತ್ತು ನೇತಾಡುವ ಸರಪಳಿಯನ್ನು ಎತ್ತಲು ಇದೆ, ಅಷ್ಟೇ. ಹಡಗನ್ನು ಹಿಡಿಯುವುದು ಅದರ ಕೆಲಸ ಅಲ್ಲ, ಹಡಗನ್ನು ಎಳೆದು ಲಂಗರಿನ ಹತ್ತಿರ ತರುವುದು ಸಹ ಅದರ ಕೆಲಸ ಅಲ್ಲ. ಲಂಗರು ಹಾಕಿ ಹಡಗು ನಿಂತ ಮೇಲೆ ಕ್ಲಚ್ ತೆಗೆದಿರಬೇಕು, ಬ್ರೇಕ್ ಬಿಗಿದಿರಬೇಕು, ಸ್ಟಾಪರ್ ಹಾಕಿರಬೇಕು. ಗೇರ್ ಮೇಲೆ ಭಾರ ಬಿಟ್ಟು ಹೋದ ಹಡಗುಗಳಲ್ಲಿ ಗೇರ್ ಹಲ್ಲು ಮುರಿದದ್ದನ್ನು ನಾನು ನೋಡಿದ್ದೇನೆ.

ಎತ್ತಲು ಅರ್ಧ ಗಂಟೆ ಆದದ್ದು ಸರಿಯಾಗಿಯೇ ಇದೆ. ನಿಯಮದ ಪ್ರಕಾರ ವಿಂಡ್ಲಾಸ್ ನಿಮಿಷಕ್ಕೆ 9 ಮೀಟರ್ ಎತ್ತಿದರೆ ಸಾಕು, ಒಂದು ಶ್ಯಾಕಲ್‌ಗೆ ಮೂರು ನಿಮಿಷ. ಆರು ಶ್ಯಾಕಲ್‌ಗೆ ಹದಿನೆಂಟು. ಜೊತೆಗೆ ಸರಪಳಿಗೆ ಹತ್ತಿದ ಕೆಸರನ್ನು ನೀರು ಹೊಡೆದು ತೊಳೆಯಬೇಕು, ನಡುನಡುವೆ ನಿಲ್ಲಿಸಬೇಕು. ಯಾಕೆ ನಿಲ್ಲಿಸುತ್ತಾರೆ ಅಂದರೆ, ಸರಪಳಿ ಬಿಗಿಯಾಗಿ ಮುಂದಕ್ಕೆ ಚಾಚಿದ್ದರೆ ಹಡಗಿನ ಪೂರ್ತಿ ಭಾರ ಮೋಟರ್ ಮೇಲೆ ಬರುತ್ತದೆ. ಆಗ ಮುಂದೆ ನಿಂತ ಆಫೀಸರ್ ರೇಡಿಯೋದಲ್ಲಿ ಸರಪಳಿ ಯಾವ ದಿಕ್ಕಿಗೆ ಇದೆ, ಬಿಗಿ ಎಷ್ಟಿದೆ ಅಂತ ಹೇಳುತ್ತಾರೆ. ಮೇಲಿನಿಂದ ಕ್ಯಾಪ್ಟನ್ ಇಂಜಿನ್ ಸ್ವಲ್ಪ ಮುಂದಕ್ಕೆ ಕೊಟ್ಟು ಹಡಗನ್ನು ಲಂಗರಿನ ಕಡೆ ತರುತ್ತಾರೆ. ಸರಪಳಿ ಸಡಿಲ ಆದಮೇಲೆ ಮತ್ತೆ ಎತ್ತಬೇಕು. ಇದಕ್ಕೆ ತಾಳ್ಮೆ ಬೇಕೇ ಬೇಕು. ಅಲೆ ಇರುವಾಗ ಆತುರ ಮಾಡಿದರೆ ಸರಪಳಿಯೇ ಹೈಡ್ರಾಲಿಕ್ ಮೋಟರನ್ನು ಹಿಮ್ಮುಖವಾಗಿ ತಿರುಗಿಸುತ್ತದೆ. ಮೋಟರ್ ಆಗ ಪಂಪ್ ಆಗಿಬಿಡುತ್ತದೆ, ಒಳಗೆ ಪ್ರೆಷರ್ ಏರಿ ಮೋಟರಿನ ಕವಚವೇ ಸಿಡಿದು ಪಕ್ಕದಲ್ಲಿದ್ದವರು ಸತ್ತ ಘಟನೆಗಳಿವೆ. ಲಿವರ್ ಹಿಡಿಯುವವನ ಜಾಗ ಆ ಮೋಟರಿಗೆ ಎಷ್ಟು ಹತ್ತಿರ ಅಂತ ನಿಮ್ಮ ಹುಡುಗ ಒಮ್ಮೆ ನೋಡಿಕೊಳ್ಳಲಿ.

ಈಗ ಬ್ರೇಕ್ ವಿಷಯ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು.

ಜಿಪ್ಸಿಯ ಪಕ್ಕದ ಡ್ರಮ್ ಸುತ್ತ ಉಕ್ಕಿನ ಪಟ್ಟಿ, ಪಟ್ಟಿಯ ಒಳಗೆ ಲೈನಿಂಗ್, ಅಂದರೆ ಡ್ರಮ್ಮಿಗೆ ಉಜ್ಜಿ ಹಿಡಿಯುವ ಪದರ. ಒಂದು ತುದಿ ಮಿಷಿನ್ನಿನ ಬುಡಕ್ಕೆ ಕಟ್ಟಿರುತ್ತದೆ, ಇನ್ನೊಂದು ತುದಿಯನ್ನು ಸ್ಕ್ರೂ ತಿರುಗಿಸಿ ಬಿಗಿಯುತ್ತಾರೆ. ಕೈಯಲ್ಲಿ ತಿರುಗಿಸಿದ ಚಕ್ರ 200 ಟನ್ ಹೇಗೆ ತಡೆಯುತ್ತದೆ ಅನ್ನಿಸಬಹುದು. ಹೋರಿ ಹಗ್ಗ ಕಿತ್ತುಕೊಂಡು ಓಡುವಾಗ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿದರೆ ಹುಡುಗನೂ ಹಿಡಿದು ನಿಲ್ಲಿಸುತ್ತಾನೆ. ಹೋರಿಯ ಬಲವನ್ನು ಕಂಬ ತಿನ್ನುತ್ತದೆ, ಹುಡುಗನ ಕೈಗೆ ಬರುವುದು ಉಳಿದ ಚೂರು ಮಾತ್ರ. ಪಟ್ಟಿ ಬ್ರೇಕಿನ ಗುಟ್ಟು ಇದೇ. ಭಾರ ಕಟ್ಟಿದ ತುದಿಯ ಕಡೆ ಹೋಗುತ್ತದೆ, ಸ್ಕ್ರೂ ಇರುವ ತುದಿ ಆ ಹುಡುಗ.

ನಾನು ಫೋರ್ತ್ ಇಂಜಿನಿಯರ್ ಆಗಿ ಒಂದು ಹಡಗಿಗೆ ಹತ್ತಿ ಮೂರು ವಾರ ಆಗಿತ್ತು. ಆಗ್ನೇಯ ಏಷ್ಯಾದ ಒಂದು ಬಂದರಿನ ಹೊರಗೆ ಲಂಗರು ಹಾಕುತ್ತಿದ್ದೆವು, ನೀರು 40 ಮೀಟರ್ ಹತ್ತಿರ. ಮೊದಲು ಮೋಟರಿನಲ್ಲೇ ಲಂಗರನ್ನು ನೀರಿನ ಹತ್ತಿರ ಇಳಿಸಿ, ಬ್ರೇಕ್ ಬಿಗಿದು, ಕ್ಲಚ್ ತೆಗೆದರು. ಆರ್ಡರ್ ಬಂತು, ಬೋಸನ್, ಅಂದರೆ ಡೆಕ್ಕಿನ ಕೆಲಸಗಾರರ ಮೇಸ್ತ್ರಿ, ಬ್ರೇಕ್ ಬಿಟ್ಟರು. ಸರಪಳಿ ಓಡಿತು. ತುಕ್ಕು, ಒಣಗಿದ ಕೆಸರು ಎಲ್ಲ ಧೂಳಾಗಿ ಎದ್ದಿತು. ಮೂರನೇ ಶ್ಯಾಕಲ್ ಹೊತ್ತಿಗೆ ಬೋಸನ್ ಚಕ್ರ ಬಿಗಿದರು. ಸರಪಳಿ ನಿಲ್ಲಲಿಲ್ಲ. ಚಕ್ರ ಗಟ್ಟಿಯಾಗಿ ಕೂತಿತ್ತು, ಒಂದಿಂಚೂ ಮುಂದೆ ಹೋಗುತ್ತಿರಲಿಲ್ಲ, ಅಂದರೆ ಬ್ರೇಕ್ ಪೂರ್ತಿ ಬಿದ್ದಿದೆ ಅಂತಲೇ ಕೈ ಹೇಳುತ್ತಿತ್ತು, ಆದರೆ ಸರಪಳಿ ಇನ್ನೂ ಜೋರಾಗಿ ಓಡುತ್ತಿತ್ತು. ಲೈನಿಂಗಿನಿಂದ ಹೊಗೆ, ಕಿಡಿ. ಬೋಸನ್ ಚಕ್ರ ಬಿಟ್ಟು "ಓಡಿ" ಅಂತ ಕೂಗಿದರು, ಎಲ್ಲ ಹಿಂದಕ್ಕೆ ಓಡಿದೆವು. ಸರಪಳಿಯ ಕೊನೇ ತುದಿ ಕೋಣೆಯೊಳಗಿನ ಪಿನ್ನನ್ನೂ ಕಿತ್ತುಕೊಂಡು ಡೆಕ್ ಮೇಲೆ ಒಂದು ಏಟು ಹೊಡೆದು ಸಮುದ್ರಕ್ಕೆ ಹೋಯಿತು. ನಲವತ್ತು ಟನ್ ಸರಪಳಿ, ಎಂಟು ಟನ್ ಲಂಗರು. ಯಾರಿಗೂ ಏನೂ ಆಗಲಿಲ್ಲ, ಬೋಸನ್ ಸರಿಯಾದ ಹೊತ್ತಿಗೆ ಚಕ್ರ ಬಿಟ್ಟರು ಅನ್ನುವ ಒಂದೇ ಕಾರಣಕ್ಕೆ.

ಮಾರನೇ ದಿನ ಬ್ರೇಕ್ ನೋಡಿದೆ. ಲೈನಿಂಗ್ ಸವೆದಿತ್ತು, ಅದು ಗೊತ್ತಿದ್ದದ್ದೇ. ಗೊತ್ತಿಲ್ಲದೆ ಇದ್ದದ್ದು ಇನ್ನೊಂದು. ಲೈನಿಂಗ್ ಸವೆದಂತೆಲ್ಲ ಪಟ್ಟಿಯ ಎರಡು ತುದಿಗಳು ಬಿಗಿದಾಗ ಒಂದಕ್ಕೊಂದು ಹತ್ತಿರ ಬರುತ್ತವೆ. ಅವುಗಳ ನಡುವೆ ಸಂದು ಉಳಿದಿರಬೇಕು. ನಮ್ಮ ಬ್ರೇಕಿನಲ್ಲಿ ಸಂದು ಮುಗಿದು ಕಬ್ಬಿಣಕ್ಕೆ ಕಬ್ಬಿಣ ತಾಗಿ ನಿಂತಿತ್ತು. ಚಕ್ರ ಬಿಗಿಯಾದದ್ದು ಅದಕ್ಕೆ. ಪಟ್ಟಿ ಡ್ರಮ್ಮನ್ನು ಹಿಡಿದದ್ದರಿಂದ ಅಲ್ಲ! ತುದಿಗಳು ತಾಗಿದ ಜಾಗದಲ್ಲಿ ಬಣ್ಣ ಕಿತ್ತು ಲೋಹ ಹೊಳೆಯುತ್ತಿತ್ತು, ಬೆರಳಗಲದ ಗುರುತು. ಅದು ಒಂದು ದಿನದ ಗುರುತಲ್ಲ. ತಿಂಗಳುಗಟ್ಟಲೆ ರಿಜಿಸ್ಟರಿನಲ್ಲಿ ಬ್ರೇಕ್ ಸರಿಯಿದೆ ಅಂತ ಬರೆದಿತ್ತು, ಕೊನೇ ಸಹಿ ನನ್ನದು. ಚಕ್ರ ತಿರುಗಿಸಿ ನೋಡಿದ್ದೆ, ಗಟ್ಟಿಯಾಗಿತ್ತು, ಸಹಿ ಹಾಕಿದ್ದೆ. ಆಮೇಲೆ ನಾನು ಹೋದ ಪ್ರತಿ ಹಡಗಿನಲ್ಲೂ ಮೊದಲ ವಾರವೇ ಬ್ರೇಕ್ ಬಿಗಿದು ಆ ಸಂದನ್ನು ಅಳೆದು ಬಿಳಿ ಬಣ್ಣದಲ್ಲಿ ಬರೆದಿಡುತ್ತಿದ್ದೆ, ಲೈನಿಂಗ್ ಎಷ್ಟು ಮಿಲಿಮೀಟರ್ ಉಳಿದಿದೆ ಅಂತ ಪಕ್ಕದಲ್ಲಿ. ನಿಮ್ಮ ಹುಡುಗನಿಗೆ ಹೇಳಿ, ಬ್ರೇಕ್ ಚಕ್ರದ ಬಿಗಿಯನ್ನು ನಂಬಬೇಡ, ಸಂದು ನೋಡು.

ಇನ್ನೊಂದು ಮಾತು ಇಲ್ಲೇ ಸೇರಿಸುತ್ತೇನೆ. ನೀರು ಆಳ ಇದ್ದರೆ ಬ್ರೇಕ್ ಬಿಟ್ಟು ಲಂಗರು ಹಾಕಲೇಬಾರದು. ನೇತಾಡುವ ಸರಪಳಿಯ ಭಾರ ಹೆಚ್ಚಿದಷ್ಟೂ ವೇಗ ಹೆಚ್ಚುತ್ತದೆ, ಬ್ರೇಕ್ ಕಾಯುತ್ತದೆ, ಕಾದ ಲೈನಿಂಗಿಗೆ ಹಿಡಿತ ಕಡಿಮೆ. ಕ್ಲಚ್ ಹಾಕಿಕೊಂಡೇ ಮೋಟರಿನಲ್ಲಿ ಮೆಲ್ಲಗೆ ಇಳಿಸಬೇಕು. ಸಮಯ ಹೋಗಲಿ ಪರವಾಗಿಲ್ಲ.

ಹಗ್ಗದ ವಿಷಯಕ್ಕೆ ಬರೋಣ. ಬಂದರಿನಲ್ಲಿ ಹಡಗನ್ನು ಮುಂದೆ, ಹಿಂದೆ, ಅಡ್ಡಕ್ಕೆ, ಓರೆಯಾಗಿ ಹಲವು ಹಗ್ಗಗಳಿಂದ ಕಟ್ಟುತ್ತಾರೆ. ಒಂದೇ ದಿಕ್ಕಿನ ಹಗ್ಗ ಸಾಲುವುದಿಲ್ಲ. ಗಾಳಿ ಹಡಗನ್ನು ದಡದಿಂದ ದೂಡುತ್ತದೆ, ಪಕ್ಕದಲ್ಲಿ ಇನ್ನೊಂದು ಹಡಗು ಹೋದರೆ ಮುಂದೆ ಹಿಂದೆ ಎಳೆಯುತ್ತದೆ. ಅದೂ ಸಾಲದು ಅಂತ ಹಡಗು ಮೇಲೆ ಕೆಳಗೆ ಆಡುತ್ತದೆ. ನವಮಂಗಳೂರು ಬಂದರಿನಲ್ಲಿ ಕಲ್ಲಿದ್ದಲು ಇಳಿಸುವ ಹಡಗನ್ನು ನೋಡಿ, ಸರಕು ಖಾಲಿಯಾದಂತೆ ಹಡಗು ಮೀಟರುಗಟ್ಟಲೆ ಮೇಲೇಳುತ್ತದೆ, ಹಗ್ಗ ಬಿಗಿಯುತ್ತಾ ಹೋಗುತ್ತದೆ. ತುಂಬಿಸುವಾಗ ಉಲ್ಟಾ, ಸಡಿಲ ಆಗುತ್ತದೆ. ಹಾಗಾಗಿ ಕಾವಲಿನವನು ಹಗಲು ರಾತ್ರಿ ಸುತ್ತಿ ಬಿಡುತ್ತಾ ಎಳೆಯುತ್ತಾ ಇರಬೇಕು. ಹಗ್ಗ ಸುತ್ತಿ ಎಳೆಯುವ ಮಿಷಿನ್‌ಗೆ ವಿಂಚ್ ಅನ್ನುತ್ತಾರೆ, ಹಗ್ಗದ ಬಿಗಿಯನ್ನು ತಾನೇ ನೋಡಿಕೊಳ್ಳುವ ಆಟೋಮ್ಯಾಟಿಕ್ ವಿಂಚ್‌ಗಳೂ ಇವೆ. ಮುಂದಿನದೂ ಹಿಂದಿನದೂ ಎರಡೂ ಆಟೋಮ್ಯಾಟಿಕ್‌ನಲ್ಲಿ ಬಿಟ್ಟರೆ ಒಂದು ಎಳೆದರೆ ಇನ್ನೊಂದು ಬಿಡುತ್ತದೆ, ಹಡಗು ದಡದ ಉದ್ದಕ್ಕೂ ನಡೆದುಕೊಂಡು ಹೋಗುತ್ತದೆ. ನನಗೆ ಅವುಗಳ ಮೇಲೆ ನಂಬಿಕೆ ಇಲ್ಲ.

ಇಲ್ಲೂ ಹಿಡಿಯುವುದು ಮೋಟರ್ ಅಲ್ಲ, ಬ್ರೇಕ್. ಆದರೆ ಲಂಗರಿನ ಬ್ರೇಕಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಹಗ್ಗದ ಬ್ರೇಕನ್ನು ಬೇಕೆಂದೇ ಹಗ್ಗಕ್ಕಿಂತ ಸಡಿಲ ಇಡುತ್ತಾರೆ. 60 ಟನ್ನಿಗೆ ಹರಿಯುವ ಹಗ್ಗ ಇದ್ದರೆ ಬ್ರೇಕ್ 36 ಟನ್ನಿಗೇ ಜಾರಬೇಕು, ನೂರಕ್ಕೆ 60ರ ಲೆಕ್ಕ. ಹಗ್ಗ ಹರಿಯುವುದಕ್ಕಿಂತ ಬ್ರೇಕ್ ಜಾರಿ ಹಗ್ಗ ಸ್ವಲ್ಪ ಬಿಡುವುದು ಎಷ್ಟೋ ಮೇಲು. ಡ್ರಮ್ ಮೇಲೆ ಹಗ್ಗ ಸುತ್ತುವ ದಿಕ್ಕು ತಪ್ಪಿದರೆ ಬ್ರೇಕಿನ ಹಿಡಿತ ಅರ್ಧದಷ್ಟು ಹೋಗಬಹುದು. ಹೋರಿಯನ್ನು ಹುಡುಗನ ತುದಿಗೆ ಕಟ್ಟಿದಂತೆ ಅದು. ಸುತ್ತಿನ ಮೇಲೆ ಸುತ್ತು ಬಿದ್ದರೂ ಹಿಡಿತ ಕಡಿಮೆಯಾಗುತ್ತದೆ. ಅದಕ್ಕೇ ಒಳ್ಳೆಯ ವಿಂಚ್‌ಗಳಲ್ಲಿ ಡ್ರಮ್ ಎರಡು ಭಾಗ ಇರುತ್ತದೆ, ಹೆಚ್ಚಿನ ಹಗ್ಗಕ್ಕೆ ಒಂದು, ಭಾರ ತೆಗೆದುಕೊಳ್ಳಲು ಒಂದೇ ಪದರ ಸುತ್ತುವ ಇನ್ನೊಂದು.

ಹತ್ತಿರ ನಿಲ್ಲಬೇಡ ಅಂತ ಬೈಯುವುದು ಹರಿದ ಹಗ್ಗಕ್ಕೆ ಹೆದರಿ. ಬಿಗಿದ ಹಗ್ಗ ಎಳೆದ ರಬ್ಬರ್ ಇದ್ದಂತೆ, ಹರಿದ ಕೂಡಲೇ ತುದಿ ವಾಪಸ್ಸು ಚಾಟಿಯಂತೆ ಬರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ನೈಲಾನ್ ಹಗ್ಗ ಬಹಳ ಹಿಗ್ಗುತ್ತದೆ, ಅದರ ಏಟೂ ಅಷ್ಟೇ ಜೋರು. ಹೊಸ ಕಾಲದ ಹಗುರ ಗಟ್ಟಿ ಹಗ್ಗಗಳು ಕಡಿಮೆ ಹಿಗ್ಗುತ್ತವೆ, ಅವು ಹರಿದರೆ ಅಲ್ಲೇ ಬೀಳುತ್ತವೆ ಅಂತ ಬಹಳ ಜನ ನಂಬಿದ್ದರು. 2015ರಲ್ಲಿ ಬ್ರಿಟನ್ನಿನ ಮಿಲ್‌ಫರ್ಡ್ ಹೇವನ್‌ನಲ್ಲಿ ಜಾರ್ಗಾ ಎಂಬ ಗ್ಯಾಸ್ ಹಡಗಿನಲ್ಲಿ ಅಂಥದ್ದೇ ಹಗ್ಗ ಹರಿದು ಒಬ್ಬ ಆಫೀಸರ್ ತಲೆಗೆ ಭಾರೀ ಪೆಟ್ಟು ಬಿತ್ತು. ಆ ನಂಬಿಕೆ ಅಲ್ಲಿಗೆ ಮುಗಿಯಿತು. ಹಿಂದೆ ಡೆಕ್ ಮೇಲೆ ಅಪಾಯದ ಜಾಗ ಅಂತ ಹಳದಿ ಬಣ್ಣ ಬಳಿಯುತ್ತಿದ್ದರು. ಬಣ್ಣ ಇಲ್ಲದ ಕಡೆ ನಿಂತರೆ ಏನೂ ಆಗಲ್ಲ ಎಂಬ ಸುಳ್ಳು ಧೈರ್ಯ ಅದರಿಂದ ಬಂತು. ಭಾರ ಇರುವ ಹಗ್ಗ ಇದ್ದಷ್ಟು ಹೊತ್ತು ಆ ಡೆಕ್ ಇಡೀ ಅಪಾಯದ ಜಾಗವೇ. 2024ರ ಜನವರಿ 1ರಿಂದ ಹಗ್ಗ, ವಿಂಚ್ ಎಲ್ಲವನ್ನೂ ಪರೀಕ್ಷೆ ಮಾಡಿ ದಾಖಲೆ ಇಡಬೇಕು ಎಂಬ ಅಂತರರಾಷ್ಟ್ರೀಯ ನಿಯಮವೂ ಬಂದಿದೆ. ಹುಡುಗನಿಗೆ ಬೈಯುವ ಬೋಸನ್ ಸಿಕ್ಕಿದ್ದಾರೆ ಅಂದರೆ ನಿಮಗೆ ಸಂತೋಷ ಆಗಬೇಕು, ನಿಜವಾಗಿ ಹೇಳುತ್ತಿದ್ದೇನೆ.

ಕೊನೆಗೆ ಅತ್ತಿಗೆಯವರ ಚಿಂತೆ. ಲಂಗರು ಜಾರುತ್ತದೆಯೇ? ಜಾರುತ್ತದೆ, ಸುಳ್ಳು ಹೇಳುವುದಿಲ್ಲ. ಹಡಗಿನ ಲಂಗರನ್ನು ಲೆಕ್ಕ ಹಾಕುವುದೇ ಮರೆಯಿರುವ ನೀರಿನಲ್ಲಿ ಕೆಲಕಾಲ ನಿಲ್ಲಲು, ತೆರೆದ ಸಮುದ್ರದ ಬಿರುಗಾಳಿಯನ್ನು ತಡೆಯಲು ಅಲ್ಲ. 2007ರ ಜೂನ್ 8ರಂದು ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ಹೊರಗೆ ಕಲ್ಲಿದ್ದಲಿಗೆ ಕಾಯುತ್ತಿದ್ದ ಪಾಶಾ ಬಲ್ಕರ್ ಎಂಬ ಹಡಗು ಬಿರುಗಾಳಿಯಲ್ಲಿ ಲಂಗರು ಎತ್ತಿ ಹೊರಡುವುದು ತಡವಾಗಿ ನೇರ ಕಡಲತೀರದ ಮೇಲೆ ಬಂದು ಕೂತಿತು. ಜನರೆಲ್ಲ ಹೆಲಿಕಾಪ್ಟರಿನಲ್ಲಿ ಉಳಿದರು. ಹವಾಮಾನ ಕೆಡುವ ಮುಂಚೆಯೇ ಎತ್ತಿ ಹೊರಡಬೇಕು, ಅದು ಕ್ಯಾಪ್ಟನ್ ಕೆಲಸ.

ಆದರೆ ಜಾರುವುದು ಯಾರಿಗೂ ತಿಳಿಯದೆ ಆಗುವುದಿಲ್ಲ. ನಿಂತ ಹಡಗಿನಲ್ಲೂ ರಾತ್ರಿಯಿಡೀ ಮೇಲೆ ಒಬ್ಬ ಆಫೀಸರ್ ಎಚ್ಚರ ಇರುತ್ತಾರೆ. ಲಂಗರು ಬಿದ್ದ ಜಾಗದ ಸುತ್ತ ಕಂಪ್ಯೂಟರಿನಲ್ಲಿ ಒಂದು ವೃತ್ತ ಹಾಕಿರುತ್ತಾರೆ, ಹಡಗು ಆ ವೃತ್ತ ದಾಟಿದರೆ ಅಲಾರಂ ಹೊಡೆಯುತ್ತದೆ. ಅನುಮಾನ ಬಂದರೆ ಒಬ್ಬರನ್ನು ಮುಂದಕ್ಕೆ ಕಳಿಸುತ್ತಾರೆ, ಬಹಳ ಸಲ ಅದು ಟ್ರೈನಿ ಹುಡುಗನೇ. ಅವನು ಸರಪಳಿಯ ಮೇಲೆ ಅಂಗೈ ಇಡುತ್ತಾನೆ. ಲಂಗರು ಹಿಡಿದಿದ್ದರೆ ಸರಪಳಿ ಮೆಲ್ಲಗೆ ಬಿಗಿದು ಮೆಲ್ಲಗೆ ಸಡಿಲ ಆಗುತ್ತದೆ. ಜಾರುತ್ತಿದ್ದರೆ ಕಲ್ಲಿನ ಮೇಲೆ ನೇಗಿಲು ಎಳೆದಾಗ ಮೇಣಿ ಹಿಡಿದ ಕೈಗೆ ಬರುವ ಹಾಗೆ ಕಟಕಟ ಅನ್ನುವ ನಡುಕ ಕಬ್ಬಿಣದಲ್ಲಿ ಮೇಲಕ್ಕೆ ಬರುತ್ತದೆ. ಒಮ್ಮೆ ಮುಟ್ಟಿದವನಿಗೆ ಆ ವ್ಯತ್ಯಾಸ ಮರೆಯುವುದಿಲ್ಲ. ನಿಮ್ಮ ಹುಡುಗ ಎಂಟು ತಿಂಗಳಾಯಿತು ಅಂದಿರಿ, ಅವನ ಕೈಗೆ ಅದು ಈಗಾಗಲೇ ಗೊತ್ತಿರುತ್ತದೆ, ಫೋನ್ ಮಾಡಿದಾಗ ಅತ್ತಿಗೆಯವರೇ ಕೇಳಲಿ.